ಜೋಳದ ಕೋಣೆಯ ಸರ್ವರ್

ನನ್ನ ನೆಗೆಣ್ಣಿ ಬಡಿದ ರೊಟ್ಟಿಯ ಹಿಂದೆ ದೀಪ ಹಿಡಿದರೆ ಬೆಳಕು ಕಾಣುತ್ತದೆ ಎಂದು ನಮ್ಮತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ನನ್ನ ರೊಟ್ಟಿಯ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಏನೂ ಹೇಳದವರ ಜೊತೆ ಜಗಳ ಮಾಡುವುದು ಹೇಗೆ?

ಹೊಟ್ಟೆಕಿಚ್ಚು ಅನ್ನಿ, ನಾನು ಬೇಡ ಅನ್ನುವುದಿಲ್ಲ. ನಾನು ಚಿಕ್ಕೋಡಿಯವಳು, ಡಿಗ್ರಿ ಮುಗಿಸಿದವಳು, ಅಥಣಿಯ ಒಂದು ಕಾಲೇಜಿನ ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರ್. ಈ ಮನೆಯ ಹಿರಿಸೊಸೆ. ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಕಾಗವಾಡದವಳು, ಹತ್ತನೆಯ ತರಗತಿಗೆ ಓದು ನಿಲ್ಲಿಸಿದವಳು. ಅತ್ತೆ ಮಾವನ ಬಾಯಲ್ಲಿ ನಾನು ದೊಡ್ಡಾಕಿ, ಅವಳು ಸಣ್ಣಾಕಿ. ಆದರೆ ಮರಾಠಿ ಅವಳ ಬಾಯಲ್ಲಿ ನೀರಿನಂತೆ ಹರಿಯುತ್ತದೆ. ನಮ್ಮ ದ್ರಾಕ್ಷಿ ಕೊಳ್ಳಲು ಗಡಿಯಾಚೆಯಿಂದ ವ್ಯಾಪಾರಿಗಳು ಬಂದರೆ ಮಾವ ಕರೆಯುತ್ತಿದ್ದದ್ದು ಅವಳನ್ನೇ. ನಾನು ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಕಲಿತವಳು ನಾನು, ಮಾತಾಡುವವಳು ಅವಳು! ಅಲ್ಲ ಮತ್ತೆ, ಯಾರಿಗೆ ಉರಿಯುವುದಿಲ್ಲ?

ಮಾವ ಹೋದದ್ದು ಹೋದ ವರ್ಷ, ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟ್ನಿಯ ದಿನಗಳಲ್ಲಿ. ತೋಟದಲ್ಲೇ ಕುಸಿದರು. ಊರಿಂದ ತೋಟ ದೂರವಾದ್ದರಿಂದ ಹಂಗಾಮಿನಲ್ಲಿ ಅವರು ಅಲ್ಲಿಯೇ ಇರುತ್ತಿದ್ದರು. ಬರೆಯಲು ಬಾರದ ಮನುಷ್ಯ, ಫೋನಿನಲ್ಲಿ ಧ್ವನಿ ಕಳಿಸುವುದನ್ನು ಕಲಿತ ಮೇಲೆ ದಿನಕ್ಕೆ ನಾಲ್ಕು ಸಲ ಅತ್ತೆಗೆ ಮಾತು ಕಳಿಸುತ್ತಿದ್ದರು. ಬುತ್ತಿಗೆ ಶೇಂಗಾ ಹಿಂಡಿ ಹಾಕು, ಮೋಡ ಆಗೈತಿ, ಎಮ್ಮಿ ಹಿಂಡಿದ್ರೇನು, ಇಂಥವೇ. ಅತ್ತೆ ಅಡುಗೆ ಮನೆಯಲ್ಲಿ ಕೂತು ಒಂದೊಂದನ್ನೂ ಎರಡೆರಡು ಸಲ ಕೇಳುತ್ತಿದ್ದರು. ಮಾವ ಹೋದ ಮೇಲಂತೂ ಅತ್ತೆ ತಮ್ಮ ಫೋನನ್ನು ಬಿಟ್ಟು ಏಳುತ್ತಿರಲಿಲ್ಲ. ಆದರೆ ಫೋನು ತುಂಬಿ ಹೋಗಿ ಒಂದು ಗುಂಡಿ ಒತ್ತಿದರೆ ಹತ್ತು ನಿಮಿಷ ಹೆಪ್ಪುಗಟ್ಟಿ ಕೂರುತ್ತಿತ್ತು. ಒಂದು ದಿನ ನನ್ನ ಮುಂದೆ ಹಿಡಿದು, "ಯವ್ವಾ, ವರ್ಷದ ಪೂಜಿ ದಿನಾ ಅವರ ಧ್ವನಿ ಎಲ್ಲಾರೂ ಕೇಳೂಣು. ಇದು ಸತ್ತ ಹೋಗೂದ್ರಾಗ ಏನರ ಮಾಡ ಬೇ. ನೀ ಕಲಿತಾಕಿ ಅದೀ," ಅಂದರು.

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅತ್ತೆ ನನ್ನನ್ನೇ ಹುಡುಕಿಕೊಂಡು ಬಂದು ಕೇಳಿದ್ದು ಅದೇ ಮೊದಲು. ನನಗೆ ರೆಕ್ಕೆ ಬಂದವು. ಮನೆಯಲ್ಲಿಯೇ ಒಂದು ಸರ್ವರ್ ಕಟ್ಟುತ್ತೇನೆ ಅಂದೆ. ಹಗಲೂ ರಾತ್ರಿ ಚಾಲೂ ಇರುವ ಒಂದು ಕಂಪ್ಯೂಟರು. ಎಲ್ಲರ ಫೋಟೊ, ಎಲ್ಲರ ಧ್ವನಿ ಅದರ ಹೊಟ್ಟೆಯಲ್ಲಿ. ಮನೆಯ ವೈಫೈನಿಂದ ಯಾರು ಬೇಕಾದರೂ ನೋಡಬಹುದು, ಕೇಳಬಹುದು. ತಿಂಗಳ ಬಾಡಿಗೆ ಕೇಳುವ ಕಂಪನಿಯ ಹಂಗಿಲ್ಲ. ಇದು ಅತ್ತೆಗಾಗಿ ಅಂತ ಎಲ್ಲರಿಗೂ ಹೇಳಿದೆ. ಅರ್ಧ ಸುಳ್ಳು. ಈ ಮನೆಯಲ್ಲಿ ನೆಗೆಣ್ಣಿಯ ಕೈ ಮುಟ್ಟದ, ನನ್ನದೇ ಆದ ಒಂದು ವಸ್ತು ಬೇಕಾಗಿತ್ತು.

ಕಾಲೇಜಿನವರು ಗುಜರಿಗೆ ಹಾಕಲಿದ್ದ ಹಳೆಯ ಕಂಪ್ಯೂಟರೊಂದನ್ನು ಕೇಳಿಕೊಂಡು ತಂದೆ. ರಾಯಬಾಗದಲ್ಲಿ ಅಂಗಡಿಗಳಿಗೆ ಕ್ಯಾಮೆರಾ ಕೂರಿಸುವವನೊಬ್ಬ ಬಿಚ್ಚಿಟ್ಟ ಹಾರ್ಡ್ ಡಿಸ್ಕ್ ಎರಡು ಕೊಟ್ಟ. ನಿಪ್ಪಾಣಿಯ ರಿಪೇರಿ ಅಂಗಡಿಯಲ್ಲಿ ಹಳೆಯ ರ‍್ಯಾಮ್ ಸಿಕ್ಕಿತು. ಚಿಕ್ಕೋಡಿಯಲ್ಲಿ ನನ್ನ ತಮ್ಮ ಮೂಲೆಗೆ ಎಸೆದಿದ್ದ ರೌಟರು ಸಿಕ್ಕಿತು. ತವರುಮನೆಯಿಂದ ಸೀರೆ ತರುವವರುಂಟು, ನಾನು ರೌಟರ್ ತಂದೆ. ಸಾಫ್ಟ್‌ವೇರ್ ಪುಕ್ಕಟೆ. ನನ್ನ ಗಂಡ ಇದನ್ನೆಲ್ಲ ಪಡಸಾಲೆಯಲ್ಲಿ ಹರಡಿದ್ದು ನೋಡಿ, "ಗುಜರಿಯವನ ಕಡೆ ಕೊಡಾಕ ಒಯ್ದಿ ಅಂದ್ರ ಅವನೂ ಒಲ್ಲೆ ಅಂತಾನ," ಎಂದು ನಕ್ಕ. ನಗಲಿ ಬಿಡು ಅಂದುಕೊಂಡೆ.

ಇಡಲು ಜಾಗವಿದ್ದದ್ದು ಜೋಳದ ಚೀಲಗಳ ಕೋಣೆಯಲ್ಲಿ. ಜೋಳದ ಧೂಳು ಹೋಗಿ ಫ್ಯಾನು ಮೂರನೆಯ ದಿನಕ್ಕೆ ಗೊರಕೆ ಹೊಡೆಯತೊಡಗಿತು. ಬಿಚ್ಚಿ ಬ್ರಶ್ಶಿನಿಂದ ಉಜ್ಜಿದೆ, ಹಳೆಯ ಸೀರೆಯ ತುಂಡನ್ನು ಜಾಳಿಗೆಯ ಹಾಗೆ ಕಟ್ಟಿದೆ. ಇಲಿ ಕೇಬಲ್ ಕಡಿಯಿತು. ಕಬ್ಬಿಣದ ಪೈಪಿನೊಳಗಿಂದ ಎಳೆದೆ. ಕರೆಂಟು ಹೋದಾಗೆಲ್ಲ ಡಿಸ್ಕು ಕಿರ್ ಅನ್ನುತ್ತಿತ್ತು. ಟಿವಿಗೆ ಕೊಟ್ಟಿದ್ದ ಇನ್ವರ್ಟರ್ ಲೈನನ್ನು ಅದಕ್ಕೆ ತಿರುಗಿಸಿದೆ. ಅದಕ್ಕಾಗಿ ಮೈದುನ ಎಂಟು ದಿನ ನನ್ನ ಜೊತೆ ಮಾತು ಬಿಟ್ಟ.

ಇಷ್ಟೆಲ್ಲ ಆದ ಮೇಲೂ ಅದು ಕೈಕೊಟ್ಟಿತು. ಜೋಳದ ಕೋಣೆಯಲ್ಲಿ ನಿಂತು ನೋಡಿದರೆ ನನ್ನ ಫೋನಿನಲ್ಲಿ ಸರ್ವರ್ ಕಾಣುತ್ತದೆ. ಪಡಸಾಲೆಗೆ ಬಂದರೆ ಮಾಯ. ಮೂರು ದಿನ ಆಫೀಸಿನಿಂದ ಬಂದವಳೇ ಕೂತೆ. ಕೇಬಲ್ಲಿನ ತುದಿ ಕತ್ತರಿಸಿ ಎಂಟು ಎಳೆಗಳನ್ನು ಬಣ್ಣ ನೋಡಿ ಮತ್ತೆ ಜೋಡಿಸಿದೆ. ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ. ಬೆರಳುಗಳು ಹುಣ್ಣಾದವು. ಅಂಥ ಹೊತ್ತಿನಲ್ಲಿ ನೆಗೆಣ್ಣಿ ಮೊರದಲ್ಲಿ ಜೋಳ ಒಯ್ಯಲು ಬಂದಳು. ನನ್ನ ಫೋನನ್ನು ಒಂದು ಗಳಿಗೆ ನೋಡಿ, "ಅಕ್ಕಾರ, ಇಲ್ಲಿಗಿ ಬಂದ್ರ ವೈಫೈದ ಹೆಸರು ಬ್ಯಾರೆ ತೋರಸ್ತೈತಿ. ಪಡಸಾಲ್ಯಾಗ ಬ್ಯಾರೆ ಐತಿ. ಎರಡ ಮನಿ ಮಾಡಿ ನಡುವಿನ ಬಾಗಲಾ ಹಾಕಿದಂಗ ಆಗಿರಬೇಕ ನೋಡ್ರಿ," ಅಂದಳು. ಜೋಳ ತುಂಬಿಕೊಂಡು ಹೊರಟೇ ಹೋದಳು.

ಅವಳು ಹೇಳಿದ್ದು ನೂರಕ್ಕೆ ನೂರು ಖರೆ. ಪಡಸಾಲೆಯಲ್ಲಿ ಇಂಟರ್‌ನೆಟ್ಟಿನವನ ರೌಟರ್, ಕೋಣೆಯಲ್ಲಿ ನನ್ನ ತವರಿನ ರೌಟರ್. ಎರಡೂ ನಾನೇ ಯಜಮಾನ ಅಂತ ಬೇರೆ ಬೇರೆ ವಿಳಾಸ ಹಂಚುತ್ತಿದ್ದವು. ನನ್ನದರ ಯಜಮಾನಿಕೆ ತೆಗೆದು ಇನ್ನೊಂದರ ಕೈಕೆಳಗೆ ಹಾಕಿದೆ. ಐದು ನಿಮಿಷದ ಕೆಲಸ. ಪಡಸಾಲೆಯ ಟಿವಿಯಲ್ಲಿ ಮನೆಯವರ ಫೋಟೊಗಳು ಬಂದವು. ಗಂಡ, "ಭೇಷ್! ಏನ ಆಗಿತ್ತ?" ಅಂತ ಕೇಳಿದ. "ರೌಟರ್ ತಪ್ಪಿತ್ತು, ಕಂಡು ಹಿಡಿದ್ನಿ," ಅಂದೆ. ನೆಗೆಣ್ಣಿ ಅಲ್ಲಿಯೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಹೌದು, ನಾನೇ ಹೇಳಿದ್ದೆ ಅಂತ ಒಂದು ಮಾತು ಆಡಿದ್ದರೆ ಅವಳ ಮೇಲಿನ ಸಿಟ್ಟಿಗೆ ನನಗೊಂದು ಕಾರಣವಾದರೂ ಸಿಗುತ್ತಿತ್ತು.

ವರ್ಷದ ಪೂಜೆಗೆ ಹತ್ತು ದಿನ ಇರುವಾಗ, ಒಂದು ರವಿವಾರ ಮಧ್ಯಾಹ್ನ, ಅತ್ತೆಯ ಫೋನು ತೆಗೆದುಕೊಂಡು ಕೂತೆ. ನೆಗೆಣ್ಣಿ ಬಂದು ಬಾಗಿಲಲ್ಲಿ ನಿಂತಳು. "ಅಕ್ಕಾರ, ನಾನೂ ಕೂಡ್ಲಿ? ಅತ್ತಿಯಾರ ಫೋನಿನಾಗ ಏನೇನ ಐತಿ ನನಗ ಗೊತ್ತೈತ್ರಿ," ಅಂದಳು. ರೌಟರಿನ ಗಾಯ ಇನ್ನೂ ಹಸಿ ಇತ್ತು. "ಇದೇನ ರೊಟ್ಟಿ ಬಡಿಯೂದ ಅನ್ಕೊಂಡೀಯೇನ? ನೀ ನಿನ್ನ ಕೆಲಸಾ ನೋಡ್ಕೊ ಹೋಗ," ಅಂದುಬಿಟ್ಟೆ. ಅವಳು ಹೋದಳು.

ಮಾವನ ಹೆಸರು ಹುಡುಕಿದೆ, ಸಿಕ್ಕಿತು. ಮೊದಲ ಸಲ ಫೋನು ತಂದಾಗ ನನ್ನ ಗಂಡನೇ ಅಪ್ಪನ ಹೆಸರು ಹಾಕಿ ಕೊಟ್ಟಿದ್ದ. ಅದನ್ನು ತೆರೆದರೆ ಸಾಲಾಗಿ ನಲವತ್ತಕ್ಕೂ ಹೆಚ್ಚು ಧ್ವನಿಗಳು. ಎಲ್ಲವನ್ನೂ ಸರ್ವರಿಗೆ ಹಾಕಿದೆ. ಎರಡೆರಡು ಸಲ ಎಣಿಸಿದೆ. ಅಲ್ಲಿ ಎಷ್ಟಿದ್ದವೋ ಇಲ್ಲಿಯೂ ಅಷ್ಟೇ. ಎರಡನೆಯ ಡಿಸ್ಕಿನಲ್ಲಿ ನಕಲನ್ನೂ ಇಟ್ಟೆ. ಎಲ್ಲ ಮಾಡಿದೆ, ಒಂದನ್ನೂ ಕೇಳಿ ಮಾತ್ರ ನೋಡಲಿಲ್ಲ. ಆಮೇಲೆ ಫೋನು ಹಗುರಾಗಲಿ ಅಂತ ಉಳಿದದ್ದನ್ನು ಅಳಿಸುತ್ತ ಹೋದೆ. ಮುಂಜಾನೆಯ ಹೂವಿನ ಚಿತ್ರಗಳು, ಸೀರೆ ಅಂಗಡಿಯ ಜಾಹೀರಾತು. ನಡುವೆ 'ತ್ವಾಟ' ಎಂಬ ಹೆಸರಿನದೊಂದು ಬಂತು. ಮೇಲೆಲ್ಲ ಎಲೆಗೆ ಬಿದ್ದ ರೋಗದ ಫೋಟೊ, ಔಷಧದ ಬಾಟಲಿಯ ಫೋಟೊ. ಯಾರೋ ಔಷಧದ ಅಂಗಡಿಯವನು ಅಂದುಕೊಂಡೆ. ಪೂರ್ತಿ ಅಳಿಸಿದೆ. ಫೋನು ಕುದುರೆಯ ಹಾಗೆ ಓಡತೊಡಗಿತು. ಅತ್ತೆಯ ಕೈಗೆ ಕೊಡುವಾಗ ನನ್ನ ಮುಖದ ಮೇಲಿದ್ದ ಗತ್ತು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಇನ್ನು ಪೂಜೆಗೇ ಎಲ್ಲರ ಜೊತೆ ಕೇಳುವುದು ಅಂತ ಅತ್ತೆ ಅದನ್ನು ತೆರೆಯದೆ ಗೂಡಿನಲ್ಲಿಟ್ಟರು.

ಪೂಜೆಗೆ ಎರಡು ದಿನ ಇದ್ದಾಗ ಅತ್ತೆ, "ಒಮ್ಮಿ ಕೇಳಸ ಬೇ, ಆ ದಿನಾ ಮಂದ್ಯಾಗ ಅಳು ಬಂದೀತ, ಈಗ ಅತ್ತು ಬಿಡ್ತೇನಿ," ಅಂದರು. ಪಡಸಾಲೆಯಲ್ಲಿ ನಾವು ಮೂವರೇ ಹೆಂಗಸರು. ಟಿವಿ ಹಚ್ಚಿ ಮೊದಲನೆಯದನ್ನು ಒತ್ತಿದೆ. ಯಾವುದೋ ಊರಿನ ಭಜನೆ. ಎರಡನೆಯದು ಸ್ವಾಮಿಗಳ ಪ್ರವಚನದ ತುಣುಕು. ಮೂರನೆಯದೂ ಭಜನೆ. ಎಲ್ಲವೂ ಯಾರೋ ಕಳಿಸಿದ್ದನ್ನು ಮಾವ ಇತ್ತ ದಾಟಿಸಿದಂಥವು. ಮುಂದಿನದು, ಅದರ ಮುಂದಿನದು ಒತ್ತುತ್ತ ಹೋದೆ.

ಅತ್ತೆ ಹೇಳಿದರು, "ಇವಲ್ಲವಾ. ಅವರು ಮಾತಾಡಿದ್ದು. ತ್ವಾಟದಾಗಿಂದ."

"ಅವರ ಹೆಸರಿನ್ಯಾಗ ಇದ್ದದ್ದು ಇಷ್ಟ ಅತ್ತಿ."

"ಹೆಸರಿನ್ಯಾಗ ಹ್ಯಾಂಗ ಇರ್ತಾವ? ಅದು ಅವರ ಹಳೇ ನಂಬರ. ಹೊಸಾದ ತಗೊಂಡಾಗ ಸಣ್ಣಾಕಿ, ಏನಂತ ಹಾಕ್ಲಿ ಅಂತ ಕೇಳಿದ್ಲು. ಗಂಡನ ಹೆಸರ ನಾ ಬಾಯ್ಲೆ ಹ್ಯಾಂಗ ಹೇಳ್ಲಿ? ತ್ವಾಟ ಅಂತ ಹಾಕಂದ್ನಿ."

ಗಂಡನ ಹೆಸರನ್ನು ಅತ್ತೆ ಬಾಯಲ್ಲಿ ತಂದದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ರೇಶನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರ ಕಡೆಯಿಂದ ಹೇಳಿಸುವವರು. ಹನ್ನೊಂದು ವರ್ಷ ಅದೇ ಮನೆಯಲ್ಲಿ ಉಂಡು, ಅಂಥವರ ಫೋನಿನಲ್ಲಿ ನಾನು ಹೆಸರು ಹುಡುಕಿದ್ದೆ. ಅಂಗೈಯ ಹುಣ್ಣಿಗೆ ಕನ್ನಡಿ ಹಿಡಿದು ಕೂತಿದ್ದೆ. ಮಾವ ಹೊಸ ನಂಬರು ತೆಗೆದುಕೊಂಡದ್ದು ನನಗೂ ಗೊತ್ತಿತ್ತು. ನನ್ನ ಫೋನಿನಲ್ಲಿ ಅದನ್ನು ನನ್ನ ಕೈಯಾರೆ ತಿದ್ದಿದ್ದೆ. ಅತ್ತೆಯ ಫೋನಿನಲ್ಲಿ ಯಾರು ತಿದ್ದಿದರು, ಏನಂತ ತಿದ್ದಿದರು ಅಂತ ಕೇಳುವ ಬುದ್ಧಿ ಬರಲಿಲ್ಲ.

"ಅಳಿಸಿಬಿಟ್ನಿ ಅತ್ತಿ," ಅಂದೆ. ಮತ್ತೊಮ್ಮೆ ಹೇಳಬೇಕಾಯಿತು. "ತ್ವಾಟ ಅಂತ ಇದ್ದದ್ದು ಅಳಿಸಿಬಿಟ್ನಿ."

ಅತ್ತೆ ಬೈಯಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತರು. ನನ್ನ ರೊಟ್ಟಿಗೆ ಏನೂ ಹೇಳದ ಹಾಗೆಯೇ ಏನೂ ಹೇಳಲಿಲ್ಲ. ಅವರ ಭುಜ ಅಲುಗುತ್ತಿತ್ತು. ಯವ್ವಾ, ಆ ಹೊತ್ತು ನೆಲ ಬಿರಿದು ನನ್ನನ್ನು ನುಂಗಬಾರದಿತ್ತೇ!

ನೆಗೆಣ್ಣಿ ಎದ್ದು ತನ್ನ ಕೋಣೆಗೆ ಹೋದಳು. ಬರುವಾಗ ಕೈಯಲ್ಲಿ ಮಾವನ ರುಮಾಲಿತ್ತು. ಅದರೊಳಗೆ ಸುತ್ತಿಟ್ಟ ಮಾವನ ಫೋನು. ಅವರು ಕುಸಿದಾಗ ಅಂಗಿಯ ಕಿಸೆಯಲ್ಲಿದ್ದು ಒಡೆದಿತ್ತು. ಪರದೆಯ ಮೇಲಿನ ಅರ್ಧ ಕಪ್ಪಾಗಿತ್ತು. ಅದನ್ನು ಆಗ ನೋಡಿ, "ಇದು ಇನ್ನ ಗುಜರಿ, ಒಗೀರಿ," ಅಂದವಳು ನಾನೇ. ಗುಜರಿಯಿಂದ ಸರ್ವರ್ ಕಟ್ಟಿದ ಜಾಣೆಯ ಮಾತು ನೋಡಿ! ಅವಳು ಒಗೆಯದೆ ತನ್ನ ಟ್ರಂಕಿನಲ್ಲಿಟ್ಟು, ಆಗಾಗ ಚಾರ್ಜಿಗೂ ಹಾಕಿದ್ದಳಂತೆ. "ಇದರಾಗ ಇರಬೇಕ ಅಲ್ಲರಿ ಅಕ್ಕಾರ? ಕಳಿಸಿದ್ದು ಕಳಿಸಿದವರ ಕಡೇನೂ ಉಳಿತೈತೆಲ್ಲ?" ಅಂತ ಕೇಳಿದಳು. ನನಗೇ ಹೊಳೆಯಬೇಕಾಗಿದ್ದ ಮಾತು. ಆ ದುಃಖದಲ್ಲೂ ನನಗೆ ಮೊದಲು ಬಂದದ್ದು ಕೃತಜ್ಞತೆ ಅಲ್ಲ, ಇವಳಿಗೆ ಇದೂ ಹೊಳೆಯಿತಲ್ಲ ಅನ್ನುವ ಉರಿ.

ಫೋನಿಗೆ ಬೀಗವಿತ್ತು. ಚುಕ್ಕೆಗಳ ಮೇಲೆ ಗೆರೆ ಎಳೆದು ತೆಗೆಯುವ ಬೀಗ. ಅವಳು ಸರ್ರನೆ ಎಳೆದು ತೆಗೆದಳು. ಮಾವನಿಗೆ ಆ ಗೆರೆ ಕಲಿಸಿದವಳೇ ಅವಳು. ಆದರೆ ಅಲ್ಲಿಂದ ಮುಂದೆ ಅವಳಿಗೆ ಬರುತ್ತಿರಲಿಲ್ಲ. ವೈರು ಚುಚ್ಚುವ ಜಾಗ ಸಡಿಲವಾಗಿ, ಕೈ ಬಿಟ್ಟರೆ ಸಂಪರ್ಕ ತಪ್ಪುತ್ತಿತ್ತು. ಜೋಳದ ಕೋಣೆಯಲ್ಲಿ ಚೀಲದ ಮೇಲೆ ಇಬ್ಬರೂ ಮೈಗೆ ಮೈ ತಾಗಿಸಿ ಕೂತೆವು. ಅವಳು ಎರಡೂ ಹೆಬ್ಬೆರಳಿನಿಂದ ವೈರನ್ನು ಒತ್ತಿ ಹಿಡಿದಳು, ನಾನು ಕಪ್ಪಿನ ಕೆಳಗಿನ ಅರ್ಧದಲ್ಲಿ ತಡಕಾಡುತ್ತ ಒಂದೊಂದೇ ಕಡತ ಎಳೆದುಕೊಂಡೆ. ನಡುವೆ ಎರಡು ಸಲ ಕೈ ತಪ್ಪಿತು, ಮತ್ತೆ ಮೊದಲಿನಿಂದ ಹಿಡಿದೆವು. ಅವಳ ಬೆರಳುಗಳು ಬೆಳ್ಳಗಾಗಿದ್ದವು. "ಬಿಡು, ಸ್ವಲ್ಪ ದಣುವಾರಿಸ್ಕೊ," ಅಂದರೆ, "ಆಗಲಿ ತಗೋರಿ, ಇನ್ನೇನ ಬಂತು," ಅಂದಳು. ಅಡುಗೆ ಹೊತ್ತಿಗೆ ಎಲ್ಲವೂ ಸರ್ವರಿಗೆ ಬಂದವು.

ಈ ಸಲ ನಾನು ಎಣಿಸಿ ಬಿಡಲಿಲ್ಲ. ಮರುದಿನ ಆಫೀಸಿಗೆ ರಜೆ ಹಾಕಿ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಒಂದೊಂದನ್ನೂ ಕೇಳಿದೆ. ಸರಿಯಾಗಿವೆಯೋ ಇಲ್ಲವೋ ನೋಡಲು ಅಂತ ಗಂಡನಿಗೆ ಹೇಳಿದೆ. ನಿಜವಾಗಿ ನಾನು ಹುಡುಕುತ್ತಿದ್ದದ್ದು ನನ್ನ ಮಾತನ್ನು. ಮಾವ ನನ್ನ ಬಗ್ಗೆ ಎಲ್ಲಾದರೂ ಒಳ್ಳೆಯದು ಆಡಿದ್ದಾರೆಯೇ? ಸಣ್ಣಾಕಿ ಕಳಿಸಿದ ಪಲ್ಯ ಭಾಳ ಛಲೋ ಇತ್ತು. ಸಣ್ಣಾಕಿಗಿ ಹೇಳು, ವ್ಯಾಪಾರಿ ನಾಳಿ ಬರ್ತಾನ. ಸಣ್ಣಾಕಿ, ಸಣ್ಣಾಕಿ. ಕೇಳಿ ಕೇಳಿ ಕಿವಿ ಕಾದವು. ನನ್ನ ಬಗ್ಗೆ, ದೊಡ್ಡಾಕಿ ಆಫೀಸಿಂದ ಬಂದ್ಲೇನು, ಅಷ್ಟೇ.

ಹಾಗೆ ಕೇಳುತ್ತ ಹೋದಂತೆ ಎರಡು ವರ್ಷದ ಹಿಂದಿನದೊಂದು ಬಂತು. ಮಾವ ಏನನ್ನೋ ಅಗಿಯುತ್ತ ಮಾತಾಡುತ್ತಿದ್ದರು, ಹಿಂದೆ ಪಂಪಿನ ಸದ್ದು.

"ಏ, ಕೇಳಿಲ್ಲಿ. ಸಣ್ಣಾಕಿ ಕಂಪ್ಯೂಟರ್ ಕ್ಲಾಸಿಗಿ ಹೊಕ್ಕೇನಿ ಅಂತಿದ್ಲಲ್ಲ, ನಾನೂ ಹೂಂ ಅಂದಿದ್ನೆಲ್ಲ. ಈಗ ಒಲ್ಲೆ ಅಂತಾಳ. ಯಾಕಬೇ ಅಂದ್ರ, ಮನ್ಯಾಗ ಅಕ್ಕಾರಿಗಿ ಅದೊಂದ ತಮ್ಮದು ಅಂತ ಐತ್ರಿ, ಅದಕ್ಕೂ ನಾ ಯಾಕ ಕೈ ಹಾಕ್ಲಿ ಅಂತಾಳ. ಇದನ್ನ ದೊಡ್ಡಾಕಿ ಮುಂದ ತಗೀಬ್ಯಾಡ ಮತ್ತ. ಮನಸಿಗಿ ಹಚ್ಕೊಳ್ಳಾಕಿ ಅಕಿ."

ನಾನು ಇಯರ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ನನ್ನ ಹೊಟ್ಟೆಕಿಚ್ಚು ನನ್ನೊಬ್ಬಳ ಗುಟ್ಟು ಅಂದುಕೊಂಡಿದ್ದೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು! ಮಲಗಿದ ಕೂಸಿನ ತೊಟ್ಟಿಲನ್ನು ದಾಟಿ ಓಡಾಡುವ ಹಾಗೆ ಎಲ್ಲರೂ ಅದನ್ನು ದಾಟಿಕೊಂಡು ಓಡಾಡುತ್ತಿದ್ದರು. ಮತ್ತೆ ಇವಳು! ತನಗೆ ಬೇಕಾದದ್ದನ್ನು ನನಗಾಗಿ ಬಿಟ್ಟು, ಆ ಮೇಲೆ ಎರಡು ವರ್ಷ ನನ್ನ ಚುಚ್ಚುಮಾತು ಕೇಳಿಕೊಂಡು ಬೆಳ್ಳುಳ್ಳಿ ಸುಲಿದಳು. ಒಳ್ಳೆಯತನದಲ್ಲೂ ನನ್ನನ್ನು ಸೋಲಿಸಬೇಕೇ? ಸಿಟ್ಟು ಬಂತು, ಆಮೇಲೆ ಅಳು ಬಂತು. ಎರಡೂ ಒಟ್ಟಿಗೆ ಬಂದಾಗ ಮನುಷ್ಯರ ಮುಖ ಹೇಗಾಗುತ್ತದೋ, ನೋಡಲು ಅಲ್ಲಿ ಜೋಳದ ಚೀಲ ಬಿಟ್ಟರೆ ಯಾರೂ ಇರಲಿಲ್ಲ.

ಆ ಒಂದನ್ನು ಅಳಿಸಬಹುದಿತ್ತು. ಸರ್ವರಿನ ಪಾಸ್‌ವರ್ಡ್ ಇದ್ದದ್ದು ನನ್ನೊಬ್ಬಳಲ್ಲಿ. ಬೆರಳನ್ನು ಗುಂಡಿಯ ಮೇಲೆ ಇಟ್ಟಿದ್ದೆ ಕೂಡ. ಸುಳ್ಳು ಯಾಕೆ ಹೇಳಲಿ?

ಪೂಜೆಯ ದಿನ ಅಯ್ಯನವರು ಬಂದು ಹೋದರು, ಊಟವಾಯಿತು. ಪಡಸಾಲೆಯಲ್ಲಿ ಮನೆಯವರೆಲ್ಲ ಕೂತರು. ಟಿವಿಯಿಂದ ಮಾವನ ಧ್ವನಿ ಬಂದ ಕೂಡಲೇ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮೋಡ ಆಗೈತಿ, ಬುತ್ತಿ ಕಳಸು ಅನ್ನುವ ಮಾತಿಗೆ ಎಲ್ಲರೂ ಅತ್ತರು, ಎಮ್ಮೆಯನ್ನು ಬೈದ ಮಾತಿಗೆ ಎಲ್ಲರೂ ನಕ್ಕರು. ಒಂದಾದ ಮೇಲೊಂದು ತಾನೇ ಬರುತ್ತಿತ್ತು. ಪಂಪಿನ ಸದ್ದು ಕೇಳಿತು. "ಏ, ಕೇಳಿಲ್ಲಿ. ಸಣ್ಣಾಕಿ ಕಂಪ್ಯೂಟರ್..."

ಅತ್ತೆ ಥಟ್ಟನೆ ನನ್ನ ಮೊಣಕಾಲು ಹಿಡಿದರು. "ಇದ ಬ್ಯಾಡವಾ, ಮುಂದಿಂದ ಹಚ್ಚ." ನೆಗೆಣ್ಣಿ ಮಜ್ಜಿಗೆ ತರುತ್ತೇನೆ ಅಂತ ಎದ್ದಳು. ರಿಮೋಟು ನನ್ನ ಕೈಯಲ್ಲಿತ್ತು.

"ಇರಲಿ ಬಿಡ್ರಿ ಅತ್ತಿ. ನಾ ನಿನ್ನೇನ ಕೇಳೀನಿ," ಅಂದೆ.

ಮಾವ ಪೂರ್ತಿ ಮಾತಾಡಿದರು. ಮನಸಿಗಿ ಹಚ್ಕೊಳ್ಳಾಕಿ ಅಕಿ ಅನ್ನುವವರೆಗೂ. ಯಾರೂ ನನ್ನ ಕಡೆ ನೋಡಲಿಲ್ಲ. ಅತ್ತೆಯ ಕೈ ಮಾತ್ರ ನನ್ನ ಮೊಣಕಾಲಿನ ಮೇಲೆ ಹಾಗೆಯೇ ಇತ್ತು.

ಸಂಜೆ ಪಾತ್ರೆ ತೊಳೆದ ಮೇಲೆ ಅವಳನ್ನು ಜೋಳದ ಕೋಣೆಗೆ ಕರೆದೆ. ಕೀಬೋರ್ಡನ್ನು ಅವಳ ಮುಂದೆ ಸರಿಸಿ, ರೌಟರಿನ ತಪ್ಪು ಕಂಡು ಹಿಡಿದವಳು ನೀನು ಅಂತ ಗಂಡನ ಮುಂದೆ ಹೇಳಿದ್ದೇನೆ ಅಂದೆ. ಆಮೇಲೆ ಪಾಸ್‌ವರ್ಡ್ ಹೇಳಿದೆ. ಅಂಕಿ, ಅಕ್ಷರ ಕೂಡಿಸಿ ಹದಿನಾಲ್ಕು. ನನಗೇ ಬಾಯಿಗೆ ಬರಲು ಒಂದು ವಾರ ಹಿಡಿದಿತ್ತು, ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ.

ಅವಳು ಚೀಟಿ ಕೇಳಲಿಲ್ಲ. ಒಂದೇ ಸಲ ಕೇಳಿ, ಒಂದೇ ಬೆರಳಿನಿಂದ ಒತ್ತಿ, ತಪ್ಪಿಲ್ಲದೆ ತೆಗೆದಳು. ಹಳೆಯ ಹೊಟ್ಟೆಕಿಚ್ಚು ಮತ್ತೆ ಎದ್ದಿತು. ಚೀಲದ ಮೇಲೆ ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿದೆ.